ಮಳೆಗಾಲದಲ್ಲಿ ಒಬ್ಬರೇ ಬೈಕ್‌ನಲ್ಲಿ ಘಾಟಿ ದಾಟುವುದು ಹೇಗೆ?

ಜೂನ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ. "ಬೆಂಗಳೂರಿಗೆ ಬೈಕ್‌ನಲ್ಲೇ ಹೋಗಬೇಕು. ಜೊತೆಗೆ ಯಾರೂ ಇಲ್ಲ. ಈ ಮಳೆಯಲ್ಲಿ ಹೋಗಬಹುದಾ?" ಕೇಳುವವರಲ್ಲಿ ಕೆಲಸಕ್ಕೆ ಮರಳುವವರಿದ್ದಾರೆ, ಹಾಸ್ಟೆಲ್‌ಗೆ ಹೊರಟ ಮಕ್ಕಳಿದ್ದಾರೆ, ಮಳೆಯಲ್ಲಿ ಘಾಟಿ ನೋಡಬೇಕೆಂಬ ಆಸೆಯವರೂ ಇದ್ದಾರೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹೋಗಬಹುದು. ಆದರೆ ಎಲ್ಲ ದಿನವೂ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ.

ಇಬ್ಬರು ಹೋಗುವಾಗ ಒಬ್ಬರಾದರೂ "ಸಾಕು ಮಾರಾಯ, ಇಲ್ಲೇ ನಿಲ್ಲೋಣ" ಅನ್ನುತ್ತಾರೆ. ಒಬ್ಬರೇ ಇದ್ದಾಗ ಆ ಮಾತು ಹೇಳುವವರು ಇರುವುದಿಲ್ಲ. ಮೈ ಒದ್ದೆಯಾಗಿ, ಕೈ ಮರಗಟ್ಟಿ, "ಇನ್ನು ನಲವತ್ತೇ ಕಿಲೋಮೀಟರ್ ಅಲ್ವಾ" ಅಂದುಕೊಳ್ಳುವ ಹೊತ್ತಿನಲ್ಲಿ ತಲೆ ಸರಿಯಾಗಿ ಓಡುವುದಿಲ್ಲ. ಅದಕ್ಕೇ ಎಲ್ಲಿ ನಿಲ್ಲಬೇಕು, ಎಲ್ಲಿಂದ ವಾಪಸ್ ಬರಬೇಕು ಎಂಬುದನ್ನು ಹಿಂದಿನ ರಾತ್ರಿ ಮನೆಯಲ್ಲಿ, ಒಣ ಬಟ್ಟೆಯಲ್ಲಿ ಕೂತು ತೀರ್ಮಾನ ಮಾಡಬೇಕು. ಕೆಳಗಿನ ಹಂತಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಮೂರನೆಯದು. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಅದನ್ನು ಬಿಡಬೇಡಿ.

1. ಯಾವ ಘಾಟಿ?

ಕರಾವಳಿಯಿಂದ ಮೇಲೆ ಹೋಗಲು ದಾರಿ ಹಲವು. ಮಂಗಳೂರಿನಿಂದ ಬಿ.ಸಿ. ರೋಡ್, ಉಪ್ಪಿನಂಗಡಿ, ಗುಂಡ್ಯ ಮೂಲಕ ಶಿರಾಡಿ ಹತ್ತಿ ಸಕಲೇಶಪುರ, ಹಾಸನ. ಬೆಂಗಳೂರಿಗೆ ಒಟ್ಟು ಸುಮಾರು 350 ಕಿ.ಮೀ. ಬೆಳ್ತಂಗಡಿ, ಉಜಿರೆ ಕಡೆಯವರಿಗೆ ಚಾರ್ಮಾಡಿ. ಪುತ್ತೂರು, ಸುಳ್ಯದವರಿಗೆ ಸಂಪಾಜೆ, ಮಡಿಕೇರಿ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ.

ಮಳೆಗಾಲಕ್ಕೆ, ಅದೂ ಒಬ್ಬರೇ ಹೋಗುವವರಿಗೆ, ನಾನು ಹೇಳುವುದು ಜನಸಂಚಾರ ಇರುವ ದಾರಿಯನ್ನೇ. ಶಿರಾಡಿಯಲ್ಲಿ ಟ್ಯಾಂಕರ್, ಲಾರಿ ಜಾಸ್ತಿ, ನಿಜ. ಆದರೆ ಬಿದ್ದರೆ ಐದು ನಿಮಿಷದೊಳಗೆ ಯಾರಾದರೂ ನೋಡುತ್ತಾರೆ. ಬಿಸಿಲೆಯಂಥ ಕಾಡುದಾರಿಯಲ್ಲಿ ಆ ಭರವಸೆ ಇಲ್ಲ. ಬಿಸಿಲೆ ಚಂದ, ಒಪ್ಪುತ್ತೇನೆ. ಅದನ್ನು ನವೆಂಬರ್ ನಂತರಕ್ಕೆ ಇಡಿ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೇರ್‌ಪಿನ್ ಅಂದರೆ ರಸ್ತೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುವಂಥ ತಿರುವು. ಅಲ್ಲಿ ಹತ್ತುವುದು ಚಿಕ್ಕ ಬೈಕ್‌ಗೂ ಕಷ್ಟವಲ್ಲ. ಆದರೆ ಮಂಜು ಕವಿದರೆ ಎದುರಿನ ಗಾಡಿ ಹತ್ತಿರ ಬರುವ ತನಕ ಕಾಣುವುದಿಲ್ಲ.

ಮಡಿಕೇರಿ, ಮೈಸೂರು ಮೂಲಕ ಬೆಂಗಳೂರಿಗೆ ಹೋಗುವವರು ಒಂದು ನೆನಪಿಡಿ: ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆ ಕಡೆ ಹೋಗುವುದಾದರೆ ಸಮಯ ಜಾಸ್ತಿ ಇಟ್ಟುಕೊಳ್ಳಿ.

2. ಮಳೆಯ ಮುನ್ಸೂಚನೆ ಓದಿ

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನಮಗೆಲ್ಲ ಶಾಲೆಗೆ ರಜೆ ಸಿಗುವ ಲೆಕ್ಕದಲ್ಲಿ ಗೊತ್ತು. ಬೈಕ್ ಹತ್ತುವವರಿಗೆ ಅದರ ಹಿಂದಿನ ಅಳತೆಯೂ ಗೊತ್ತಿರಬೇಕು. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ "ಭಾರಿ ಮಳೆ". 115.6ರಿಂದ 204.4 ಮಿ.ಮೀ. ಆದರೆ "ಅತಿ ಭಾರಿ". ಅದಕ್ಕೂ ಮೇಲೆ ಹೋದರೆ "ಅತ್ಯಂತ ಭಾರಿ". ಸಾಮಾನ್ಯವಾಗಿ ಈ ಮೂರು ಅಳತೆಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಹೊಂದುತ್ತವೆ.

ನನ್ನ ಲೆಕ್ಕ ಇಷ್ಟು. ಹಳದಿ ಇದ್ದರೆ ತಯಾರಿಯೊಂದಿಗೆ ಹೊರಡಿ. ಕಿತ್ತಳೆ ಇದ್ದರೆ ಅನಿವಾರ್ಯ ಕೆಲಸ ಇದ್ದರೂ ಬಸ್ ಹಿಡಿಯಿರಿ. ಕೆಂಪು ಇದ್ದರೆ ಮನೆಯಲ್ಲೇ ಇರಿ, ಬಸ್ಸೂ ಬೇಡ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ತಾವಿರುವ ಜಿಲ್ಲೆಯ ಎಚ್ಚರಿಕೆ ಮಾತ್ರ ನೋಡುವುದು. ಶಿರಾಡಿಗೆ ಹೋಗುವವರು ದಕ್ಷಿಣ ಕನ್ನಡದ ಜೊತೆ ಹಾಸನ ನೋಡಬೇಕು. ಚಾರ್ಮಾಡಿಗೆ ಚಿಕ್ಕಮಗಳೂರು, ಆಗುಂಬೆಗೆ ಶಿವಮೊಗ್ಗ, ಸಂಪಾಜೆಗೆ ಕೊಡಗು. ಮಂಗಳೂರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಚಾರ್ಮಾಡಿಯಲ್ಲಿ ಜಡಿಮಳೆ ಹೊಯ್ಯುತ್ತಿರಬಹುದು.

ಆ ದಿನದ ಮಳೆಯಷ್ಟೇ ಅಲ್ಲ, ಹಿಂದಿನ ಮೂರು ನಾಲ್ಕು ದಿನದ ಮಳೆಯನ್ನೂ ನೋಡಿ. ಗುಡ್ಡ ಜರಿಯುವುದು ಮೊದಲ ಮಳೆಗಲ್ಲ. ದಿನಗಟ್ಟಲೆ ನೀರು ಕುಡಿದು ಮಣ್ಣು ಭಾರವಾದ ಮೇಲೆ, ಕೊನೆಯ ಒಂದು ಮಳೆಗೆ ಅದು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ–ಮಡಿಕೇರಿ ದಾರಿಯಲ್ಲೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲೂ ಗುಡ್ಡ ಕುಸಿದದ್ದು ಹೀಗೆಯೇ, ಬಿಡದೆ ಸುರಿದ ಮಳೆಯ ಬೆನ್ನಿಗೆ. ಹಾಗಾಗಿ ನಾಲ್ಕು ದಿನ ಸುರಿದು ಇವತ್ತು ಸ್ವಲ್ಪ ಬಿಟ್ಟಿದೆ ಅಂದರೆ ಅದು ಹೊರಡುವ ದಿನವಲ್ಲ. ಇನ್ನೂ ಒಂದು ದಿನ ಕಾಯಿರಿ.

ಘಾಟಿ ಬಂದ್ ಮಾಡುವುದು, ರಾತ್ರಿ ಸಂಚಾರ ನಿಲ್ಲಿಸುವುದು ಆಯಾ ಜಿಲ್ಲಾಡಳಿತದ ಆದೇಶ. ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಒಂದು ಘಾಟಿ ಮುಚ್ಚಿದರೆ ಅದರ ಗಾಡಿಗಳೆಲ್ಲ ಇನ್ನೊಂದಕ್ಕೆ ನುಗ್ಗುತ್ತವೆ ಎನ್ನುವುದೂ ಲೆಕ್ಕದಲ್ಲಿರಲಿ.

3. ನಿಲ್ಲುವ ಊರುಗಳನ್ನು ಬರೆದಿಡಿ

ಒಂದು ಕಾಗದ ತೆಗೆದುಕೊಳ್ಳಿ. ಮಂಗಳೂರು–ಶಿರಾಡಿ–ಬೆಂಗಳೂರು ದಾರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಉಪ್ಪಿನಂಗಡಿ, ಗುಂಡ್ಯ, ಸಕಲೇಶಪುರ, ಹಾಸನ, ಕುಣಿಗಲ್ ಎಂದು ಬರೆಯಿರಿ. ಪ್ರತಿ ಊರಿನ ಎದುರು ಎರಡು ವಿಷಯ ಇರಲಿ: ಎಷ್ಟು ಗಂಟೆಯೊಳಗೆ ಅಲ್ಲಿರಬೇಕು, ಏನು ಕಂಡರೆ ಅಲ್ಲಿಂದ ಮುಂದೆ ಹೋಗಬಾರದು.

ಇದರಲ್ಲಿ ಗುಂಡ್ಯವೇ ದೊಡ್ಡ ತೀರ್ಮಾನದ ಜಾಗ. ಅಲ್ಲಿಂದ ಮುಂದೆ ಘಾಟಿ. ಹತ್ತಲು ಶುರು ಮಾಡಿದ ಮೇಲೆ ನಡುವೆ ನಿಲ್ಲಲು ಒಳ್ಳೆಯ ಜಾಗ ಕಡಿಮೆ. ಆದ್ದರಿಂದ ಗುಂಡ್ಯದಲ್ಲಿ ಕಡ್ಡಾಯವಾಗಿ ನಿಲ್ಲಿ. ಒಂದು ಚಾ ಕುಡಿಯಿರಿ. ಮೇಲಿನಿಂದ ಇಳಿದು ಬಂದ ಲಾರಿ ಡ್ರೈವರ್ ಯಾರಾದರೂ ಇದ್ದರೆ "ಅಣ್ಣ, ಮೇಲೆ ಹೇಗಿದೆ?" ಅಂತ ಕೇಳಿ. ಅರ್ಧ ಗಂಟೆ ಹಿಂದಿನ ಸುದ್ದಿ ಯಾವ ಆ್ಯಪ್‌ನಲ್ಲೂ ಅಷ್ಟು ಸರಿಯಾಗಿ ಸಿಗುವುದಿಲ್ಲ. ಚಾರ್ಮಾಡಿಗೆ ಹೋಗುವವರಿಗೆ ಉಜಿರೆ, ಆಗುಂಬೆಗೆ ಹೋಗುವವರಿಗೆ ಹೆಬ್ರಿ ಇದೇ ರೀತಿ ನಿಲ್ಲುವ ಜಾಗ.

ಕಾಗದದಲ್ಲಿ ಬರೆಯಬೇಕಾದ ಕಟ್ಟುನಿಟ್ಟುಗಳು ಹೀಗಿರಲಿ. ಮಧ್ಯಾಹ್ನ ಮೂರರ ಮೇಲೆ ಘಾಟಿ ಹತ್ತುವುದಿಲ್ಲ. 50 ಮೀಟರ್ ಮುಂದಿನ ರಸ್ತೆ ಕಾಣದಿದ್ದರೆ ಹತ್ತುವುದಿಲ್ಲ. ಮೈ ನಡುಗುತ್ತಿದ್ದರೆ ಹತ್ತುವುದಿಲ್ಲ. ಸಕಲೇಶಪುರ ತಲುಪುವಾಗ ಸಂಜೆ ಐದಾಗಿದ್ದರೆ ರಾತ್ರಿ ಅಲ್ಲೇ. ರೂಮಿನ ಬಾಡಿಗೆಗೆ ಬೇಕಾಗುವಷ್ಟು ಹಣವನ್ನು ನಗದಾಗಿ ಬೇರೆ ಕವರ್‌ನಲ್ಲಿ ಇಟ್ಟುಕೊಳ್ಳಿ. ಈ ಹಣ ಇಲ್ಲದಿದ್ದರೆ ನಿಲ್ಲಬೇಕಾದಲ್ಲಿ ನಿಲ್ಲಲು ಮನಸ್ಸು ಬರುವುದಿಲ್ಲ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಜುಲೈ ಸಂಜೆ ರೂಮಿನ ದುಡ್ಡು ಉಳಿಸಲು ಹೋಗಿ, ಕತ್ತಲಲ್ಲಿ ಮಂಜಿನೊಳಗೆ ಚಾರ್ಮಾಡಿ ಇಳಿದೆ. ಎರಡು ಸಲ ರಸ್ತೆಯ ಅಂಚಿಗೆ ಹೋಗಿ ನಿಂತೆ. ಆಮೇಲೆ ಹಾಗೆ ಮಾಡಿಲ್ಲ.

ಮನೆಯಲ್ಲಿ ಒಬ್ಬರಿಗೆ ಈ ಕಾಗದದ ಫೋಟೋ ಕಳಿಸಿ. ಗುಂಡ್ಯದಲ್ಲಿ ಒಂದು ಮೆಸೇಜ್, ಸಕಲೇಶಪುರದಲ್ಲಿ ಇನ್ನೊಂದು. ನಡುವೆ ಸಿಗ್ನಲ್ ಸಿಗದ ಜಾಗಗಳಿವೆ, ಗಾಬರಿ ಬೇಡ ಎಂದು ಮೊದಲೇ ಹೇಳಿ. ಆದರೆ ಗುಂಡ್ಯದ ಮೆಸೇಜ್ ಬಂದು ಮೂರು ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಬೇಕು ಎಂದೂ ಹೇಳಿಡಿ. ಎಲ್ಲಿ, ಎಷ್ಟು ಹೊತ್ತಿಗೆ ಎನ್ನುವುದು ಅವರ ಕೈಯಲ್ಲಿ ಇದ್ದರೆ ಹುಡುಕುವವರಿಗೆ ಅರ್ಧ ಕೆಲಸ ಕಡಿಮೆ.

4. ಬೈಕ್ ತಯಾರಿ

ಟಯರ್ ಮೊದಲು. ಟಯರಿನ ಪಕ್ಕದಲ್ಲಿ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ, ಸೀಳಿನೊಳಗೆ, ರಬ್ಬರಿನ ಚಿಕ್ಕ ಉಬ್ಬು ಕಾಣುತ್ತದೆ. ಟಯರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಅದು ಮುಗಿದ ಟಯರ್. ಮಳೆಗೆ ಅಷ್ಟರ ತನಕ ಕಾಯಬೇಡಿ. ಸೀಳು 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಘಾಟಿಗೆ ಬೇಡ. ಸೀಳಿನ ಕೆಲಸ ನೀರನ್ನು ಹೊರಗೆ ತಳ್ಳುವುದು. ಅದು ಆಗದಿದ್ದರೆ ಟಯರ್ ಮತ್ತು ರಸ್ತೆಯ ನಡುವೆ ನೀರಿನ ಪದರ ನಿಂತು ಬೈಕ್ ತೇಲುತ್ತದೆ. ಇದಕ್ಕೇ ಅಕ್ವಾಪ್ಲೇನಿಂಗ್ ಅನ್ನುವುದು. "ಮಳೆಗೆ ಗಾಳಿ ಸ್ವಲ್ಪ ಕಡಿಮೆ ಹಾಕಿ" ಎಂದು ಪಂಕ್ಚರ್ ಅಂಗಡಿಯಲ್ಲಿ ಹೇಳುತ್ತಾರೆ. ಕೇಳಬೇಡಿ. ಗಾಳಿ ಕಡಿಮೆಯಾದರೆ ಸೀಳುಗಳು ಮುಚ್ಚಿಕೊಂಡು ತೇಲುವುದು ಜಾಸ್ತಿ. ಕಂಪನಿ ಹೇಳಿದಷ್ಟೇ ಹಾಕಿಸಿ.

ಡಿಸ್ಕ್ ಪ್ಯಾಡ್, ಬ್ರೇಕ್ ಶೂ ನೋಡಿಸಿ. ಹೆಡ್‌ಲೈಟ್, ಹಿಂದಿನ ಲೈಟ್, ಬ್ರೇಕ್ ಲೈಟ್ ಮೂರೂ ಉರಿಯಬೇಕು. ಹಿಂದಿನ ಲೈಟ್ ಹೋಗಿದ್ದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ಮಳೆಯಲ್ಲಿ ಹಿಂದಿನ ಲಾರಿಗೆ ನೀವು ಕಾಣುವುದು ಅದರಿಂದ ಮಾತ್ರ. ಚೈನ್‌ಗೆ ಎಣ್ಣೆ ಹಾಕಿಸಿ, ಒಂದು ಸಣ್ಣ ಬಾಟಲಿ ಜೊತೆಗೂ ಇರಲಿ. ಮಳೆ ಅದನ್ನು ತೊಳೆದುಬಿಡುತ್ತದೆ. ಬೇರೆ ಒಂದು ಕ್ಲಚ್ ವೈರ್, ಪಂಕ್ಚರ್ ಕಿಟ್, ಟಾರ್ಚ್. ಇಷ್ಟು ಸಾಕು.

5. ಮೈಮೇಲೆ ಏನಿರಬೇಕು

ಪ್ಯಾಂಟ್, ಜರ್ಕಿನ್ ಬೇರೆ ಬೇರೆ ಇರುವ ರೈನ್‌ಕೋಟ್ ಬೇಕು. ಹೊದ್ದುಕೊಳ್ಳುವ ಥರದ ಉದ್ದ ಕೋಟ್ ಬೇಡವೇ ಬೇಡ. ಅದು ಗಾಳಿಗೆ ಹಾರಿ ಚೈನ್‌ಗೆ, ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ಕಪ್ಪು ರೈನ್‌ಕೋಟ್ ಹಾಕಿದವರು ಮಳೆಯಲ್ಲಿ ರಸ್ತೆಯ ಬಣ್ಣದಲ್ಲೇ ಕರಗಿಹೋಗುತ್ತಾರೆ.

ಒಳಗೆ ಕಾಟನ್ ಬೇಡ. ಒದ್ದೆಯಾದ ಕಾಟನ್ ಮೈಗೆ ಅಂಟಿ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಜಿಮ್‌ಗೆ ಹಾಕುವಂಥ ಬೇಗ ಒಣಗುವ ಬನಿಯನ್ ಒಳ್ಳೆಯದು. ಕೈಗೆ ಗ್ಲೌಸ್, ಅದರೊಳಗೆ ಆಸ್ಪತ್ರೆಯಲ್ಲಿ ಹಾಕುವಂಥ ತೆಳು ರಬ್ಬರ್ ಗ್ಲೌಸ್. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಹೊರಗಿನದು ನೆನೆದರೂ ಬೆರಳಿಗೆ ಗಾಳಿ ತಾಗುವುದಿಲ್ಲ. ಕಾಲಿಗೆ ಶೂ. ಚಪ್ಪಲಿಯಲ್ಲಿ ಗಿಯರ್ ಜಾರುತ್ತದೆ.

ಹೆಲ್ಮೆಟ್‌ನ ಗಾಜು ಬಿಳಿಯದ್ದೇ ಇರಲಿ, ಕಪ್ಪು ಗಾಜು ಮಳೆಗೆ ಆಗುವುದಿಲ್ಲ. ಒಳಗಿನಿಂದ ಆವಿ ಕಟ್ಟುವುದು ದೊಡ್ಡ ತೊಂದರೆ. ಅದಕ್ಕೆ ಹಿಂದಿನ ರಾತ್ರಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಗಾಜಿನ ಒಳಬದಿಗೆ ಸವರಿ, ಮೆತ್ತನೆಯ ಬಟ್ಟೆಯಿಂದ ಪೂರ್ತಿ ಕಾಣದಾಗುವವರೆಗೆ ಒರೆಸಿ. ನೀರು ಹಾಕಿ ತೊಳೆಯಬೇಡಿ. ಆ ತೆಳು ಪದರ ಆವಿ ಹನಿಯಾಗುವುದನ್ನು ತಡೆಯುತ್ತದೆ.

ಬ್ಯಾಗ್‌ನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಜೊತೆ ಒಣ ಬಟ್ಟೆ, ಎರಡು ಜೊತೆ ಸಾಕ್ಸ್. ಮನೆಯವರ ನಂಬರ್, ನಿಮ್ಮ ರಕ್ತದ ಗುಂಪು ಕಾಗದದಲ್ಲಿ ಬರೆದು ಜಿಪ್ ಕವರ್‌ನಲ್ಲಿಟ್ಟು ಜರ್ಕಿನ್ ಜೇಬಿಗೆ ಹಾಕಿ. ಫೋನ್ ಒದ್ದೆಯಾದರೆ ಅದರೊಳಗಿನ ನಂಬರ್‌ಗಳಿಂದ ಏನೂ ಪ್ರಯೋಜನವಿಲ್ಲ.

6. ಹೆದ್ದಾರಿಯಲ್ಲಿ

ಬೆಳಿಗ್ಗೆ ಆರಕ್ಕೆ ಹೊರಡಿ. ಆಗ ಘಾಟಿ ಹತ್ತುವಾಗ ಒಳ್ಳೆಯ ಬೆಳಕಿರುತ್ತದೆ.

ಒಣ ರಸ್ತೆಗೆ ಮಳೆ ಬಿದ್ದ ಮೊದಲ ಹತ್ತು ಹದಿನೈದು ನಿಮಿಷ ಅತಿ ಜಾರು. ರಸ್ತೆಯ ಎಣ್ಣೆ, ಧೂಳು ನೀರಿನೊಂದಿಗೆ ಸೇರಿ ಲೋಳೆಯಾಗುತ್ತದೆ. ಆ ಹೊತ್ತು ಒಂದು ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ರೈನ್‌ಕೋಟ್ ಹಾಕಿಕೊಳ್ಳಲು ಬಳಸಿ. ನಮ್ಮ ಕಡೆಗೆ ಇನ್ನೊಂದು ವಿಶೇಷ ಇದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಮಲ್ಪೆ, ಮಂಗಳೂರು ಬಂದರಿನಿಂದ ಮೀನಿನ ಲಾರಿಗಳು ಮತ್ತೆ ಹೊರಡುತ್ತವೆ. ಅವುಗಳಿಂದ ಸೋರುವ ನೀರು ತುಂಬಾ ಜಾರು. ಮುಂದೆ ಮೀನಿನ ಲಾರಿ ಇದ್ದರೆ ಅದರ ಗೆರೆಯಲ್ಲಿ ಹೋಗಬೇಡಿ, ತಿರುವಿನಲ್ಲಂತೂ ಬೇಡ.

ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ರೈಲು ಹಳಿ, ಅಡ್ಡರಸ್ತೆಯಿಂದ ಹರಿದು ಬಂದ ಕೆಂಪು ಮಣ್ಣು ಇವೆಲ್ಲ ಜಾರುತ್ತವೆ. ಇವುಗಳ ಮೇಲೆ ಹೋಗುವಾಗ ಬ್ರೇಕ್ ಬೇಡ, ವಾಲುವುದು ಬೇಡ, ಬೈಕ್ ನೆಟ್ಟಗಿರಲಿ. ನೀರು ನಿಂತಲ್ಲಿ ಹೊಂಡ ಎಷ್ಟು ಆಳ ಎಂದು ಕಾಣುವುದಿಲ್ಲ. ಆದ್ದರಿಂದ ಮುಂದಿನ ಕಾರಿನ ಚಕ್ರ ಹೋದ ಗೆರೆಯಲ್ಲೇ ಹೋಗಿ. ಅಲ್ಲಿ ನೀರೂ ಕಡಿಮೆ.

ಅಂತರ ಬಿಡಿ. 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಕನಿಷ್ಠ ನಾಲ್ಕು ಸೆಕೆಂಡ್ ಆಗಬೇಕು. ಬ್ರೇಕ್ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿದು ಆಮೇಲೆ ಜಾಸ್ತಿ ಮಾಡಿ. ಎಬಿಎಸ್ ಇದ್ದರೆ ಚಕ್ರ ಪೂರ್ತಿ ಕಚ್ಚಿ ನಿಲ್ಲದಂತೆ ತಡೆಯುತ್ತದೆ, ಅಷ್ಟೇ. ಒದ್ದೆ ರಸ್ತೆಯನ್ನು ಅದು ಒಣಗಿಸುವುದಿಲ್ಲ.

ಉಡುಪಿಯಿಂದ ಉತ್ತರಕ್ಕೆ ಹೋಗುವವರಿಗೆ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಕಡಲ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ. ಕೂಳೂರು, ಮೂಲ್ಕಿ, ಕಲ್ಯಾಣಪುರದ ಸೇತುವೆಗಳ ಮೇಲೂ ಹೀಗೇ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಬೈಕ್ ಓಲಾಡುತ್ತದೆ. ಕೈ ಸಡಿಲ ಬಿಡಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಸ್ವಲ್ಪ ಮುಂದಕ್ಕೆ ಬಾಗಿ, ವೇಗ ಇಳಿಸಿ.

7. ಘಾಟಿಯಲ್ಲಿ

ತಿರುವಿಗೆ ಮುಂಚೆಯೇ ಬ್ರೇಕ್ ಮತ್ತು ಗಿಯರ್ ಕೆಲಸ ಮುಗಿಸಿ. ತಿರುವಿನೊಳಗೆ ಒಂದೇ ಸಮನೆ ಹೋಗಬೇಕು. ಎಡ ಅಂಚಿನಲ್ಲಿ ಎಲೆ, ಪಾಚಿ ಇರುತ್ತದೆ, ಆದ್ದರಿಂದ ತೀರಾ ಅಂಚಿಗೆ ಹೋಗಬೇಡಿ. ಹಾಗಂತ ನಡುವಿನ ಗೆರೆಗೂ ಹೋಗಬೇಡಿ, ತಿರುವಿನಲ್ಲಿ ಬಸ್ಸಿನ ಮೂತಿ ನಿಮ್ಮ ಬದಿಗೆ ಬರುತ್ತದೆ. ಹಾರ್ನ್ ಹೊಡೆಯಿರಿ.

ಇಳಿಯುವಾಗ ಎಂಜಿನ್ ಬ್ರೇಕ್ ಬಳಸಿ. ಅಂದರೆ ಕಡಿಮೆ ಗಿಯರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಡುವುದು, ಆಗ ಎಂಜಿನ್ನೇ ಬೈಕನ್ನು ಹಿಡಿಯುತ್ತದೆ. ಹತ್ತುವಾಗ ಯಾವ ಗಿಯರ್ ಬೇಕೋ ಇಳಿಯುವಾಗಲೂ ಅದೇ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕು, ಇದು ನಿಯಮವೇ.

ಮಂಜಿನಲ್ಲಿ ಲೈಟ್ ಡಿಮ್‌ನಲ್ಲಿಡಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಹೊಡೆಯುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಈಗ ಮುಖ್ಯವಾದ ಮಾತು. ಕಡಿದ ಗುಡ್ಡದ ಕೆಳಗೆ ನಿಲ್ಲಬೇಡಿ. ಮಳೆ ಜೋರಾಯಿತೆಂದು, ಫೋನ್ ಬಂತೆಂದು, ಅಬ್ಬಿ ಚಂದ ಕಾಣುತ್ತದೆಂದು, ಯಾವ ಕಾರಣಕ್ಕೂ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಬದಿಯ ಚಾ ಅಂಗಡಿ, ಅಲ್ಲಿ ನಿಂತಿದ್ದ ಗಾಡಿ, ಜನ ಎಲ್ಲ ಮಣ್ಣಿನಡಿ, ನದಿಯೊಳಗೆ ಹೋದರು. ಶಿರಾಡಿ ದಾರಿಯಲ್ಲಿ ದೋಣಿಗಾಲ್ ಆಸುಪಾಸಿನಲ್ಲೂ ಹಾಗೆ ಕಡಿದ ಗುಡ್ಡಗಳಿವೆ.

ಗುಡ್ಡ ಜರಿಯುವ ಮುಂಚೆ ಕೆಲವೊಮ್ಮೆ ಗುರುತು ಕಾಣುತ್ತದೆ. ಸಣ್ಣ ಕಲ್ಲುಗಳು ಉರುಳಿ ಬರುವುದು, ತಿಳಿಯಾಗಿ ಹರಿಯುತ್ತಿದ್ದ ತೋಡು ಒಮ್ಮೆಲೇ ಕೆಸರಾಗುವುದು ಅಥವಾ ನಿಂತುಬಿಡುವುದು, ಮರ, ಕಂಬ ವಾಲುವುದು, ರಸ್ತೆಯಲ್ಲಿ ಹೊಸ ಬಿರುಕು. ಕಂಡರೆ ಮುಂದೆ ಹೋಗಿ ನೋಡುವ ಕುತೂಹಲ ಬೇಡ, ತಿರುಗಿಸಿ ಬಂದ ದಾರಿಯಲ್ಲೇ ದೂರ ಹೋಗಿ. ಎದುರಿಗೆ ಬರುವವರಿಗೆ ಕೈ ತೋರಿಸಿ ನಿಲ್ಲಿಸಿ. ಸಿಗ್ನಲ್ ಸಿಕ್ಕ ಕೂಡಲೇ 112ಕ್ಕೆ ತಿಳಿಸಿ. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ ನಂಬರ್ 1077, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033.

8. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ

ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ಹರಿಯುವ ನೀರಿಗೆ ಬೈಕ್ ಇಳಿಸಲೇಬೇಡಿ. ಮೊಣಕಾಲಿನ ಕೆಳಗೆ ಇದ್ದರೂ ಚಕ್ರವನ್ನು ಪಕ್ಕಕ್ಕೆ ತಳ್ಳುತ್ತದೆ, ಕೆಳಗಿನ ರಸ್ತೆ ಕೊಚ್ಚಿ ಹೋಗಿದೆಯೇ ಎಂಬುದೂ ಕಾಣುವುದಿಲ್ಲ. ನಿಂತ ನೀರಾದರೆ ಬೇರೆಯವರು ದಾಟುವುದನ್ನು ನೋಡಿ. ಆಮೇಲೆ ಮೊದಲ ಗಿಯರ್‌ನಲ್ಲಿ, ಒಂದೇ ಸಮನೆ ಆಕ್ಸಿಲರೇಟರ್ ಹಿಡಿದು, ನಿಲ್ಲದೆ ದಾಟಿ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಹಗುರವಾಗಿ ಒತ್ತಿ ಹಿಡಿದು ಒಣಗಿಸಿ. ಡ್ರಮ್ ಬ್ರೇಕ್ ಇದ್ದವರು ಇದನ್ನು ಮರೆಯಬಾರದು.

ನೀರಿನ ನಡುವೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಹೋಗಿ ಎಂಜಿನ್ ಒಳಭಾಗವೇ ಬಾಗುತ್ತದೆ. ತಳ್ಳಿಕೊಂಡು ಹೊರಗೆ ಬನ್ನಿ, ಗ್ಯಾರೇಜ್‌ನವರಿಗೆ ತೋರಿಸಿ.

9. ಚಳಿ ಮತ್ತು ಸಿಡಿಲು

ನಾವು ಕರಾವಳಿಯವರಿಗೆ ಸೆಕೆ ಗೊತ್ತು, ಚಳಿ ಅಷ್ಟಾಗಿ ಗೊತ್ತಿಲ್ಲ. ಘಟ್ಟದ ಮೇಲೆ ಒದ್ದೆ ಮೈಗೆ ಬೈಕಿನ ಗಾಳಿ ಬಡಿಯುತ್ತಿದ್ದರೆ ಮೈಯ ಬಿಸಿ ಬೇಗ ಇಳಿಯುತ್ತದೆ. ಮೊದಲು ನಡುಕ. ಆಮೇಲೆ ಇಂಡಿಕೇಟರ್ ಆಫ್ ಮಾಡಲು ಮರೆಯುವುದು, ಗಿಯರ್ ತಪ್ಪುವುದು, ಬೆರಳು ಬ್ರೇಕ್‌ಗೆ ತಡವಾಗಿ ಹೋಗುವುದು. ಇದು ಕಂಡರೆ ಮುಂದಿನ ಹೋಟೆಲ್‌ನಲ್ಲಿ ನಿಲ್ಲಿ. ಚಾರ್ಮಾಡಿ ಹತ್ತಿದವರಿಗೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಸಿಗುತ್ತದೆ. ಒದ್ದೆ ಬನಿಯನ್ ಬದಲಿಸಿ, ಬಿಸಿ ಏನಾದರೂ ಕುಡಿಯಿರಿ, ನಡುಕ ಪೂರ್ತಿ ನಿಲ್ಲುವ ತನಕ ಕೂರಿ. ಚಳಿಗೆಂದು ಮದ್ಯ ಕುಡಿಯುವುದು ಎರಡು ಪಟ್ಟು ಅಪಾಯ, ಅದು ಮೈಯ ಬಿಸಿಯನ್ನು ಇನ್ನೂ ಇಳಿಸುತ್ತದೆ.

ಸಿಡಿಲು ಜಾಸ್ತಿ ಇರುವುದು ಮಳೆಗಾಲದ ಮೊದಲು ಏಪ್ರಿಲ್, ಮೇ ಹಾಗೂ ಕೊನೆಗೆ ಅಕ್ಟೋಬರ್ ಸಂಜೆಗಳಲ್ಲಿ. ಮಿಂಚು ಕಂಡು 30 ಸೆಕೆಂಡ್‌ನೊಳಗೆ ಗುಡುಗು ಕೇಳಿದರೆ ಅದು ಹತ್ತಿರದಲ್ಲಿದೆ. ಬೈಕ್ ಬಿಟ್ಟು ಪಕ್ಕಾ ಕಟ್ಟಡದೊಳಗೆ ಹೋಗಿ. ಮರದ ಕೆಳಗೆ ಬೇಡ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಡಿ.

10. ತಲುಪಿದ ಮೇಲೆ

ಮನೆಗೆ ಮೆಸೇಜ್ ಮಾಡಿ. ಫೋನ್ ಒದ್ದೆ ಇದ್ದರೆ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ಶೂ ಒಳಗೆ ಹಳೆಯ ಪೇಪರ್ ತುರುಕಿಡಿ, ಬೆಳಿಗ್ಗೆ ಹೊತ್ತಿಗೆ ನೀರು ಎಳೆದಿರುತ್ತದೆ. ಹೆಲ್ಮೆಟ್ ಒಳಗಿನ ಸ್ಪಂಜ್ ಬಿಚ್ಚಿ ಫ್ಯಾನ್ ಕೆಳಗೆ ಇಡಿ, ಹಾಗೇ ಬಿಟ್ಟರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮರುದಿನ ಬೈಕ್ ತೊಳೆದು, ಚೈನ್ ಒರೆಸಿ ಎಣ್ಣೆ ಹಾಕಿ, ಡಿಸ್ಕ್ ಪ್ಯಾಡ್ ನಡುವೆ ಕೆಸರು, ಕಲ್ಲು ಸಿಕ್ಕಿದೆಯೇ ನೋಡಿ. ವಾಪಸ್ ಬರುವ ದಿನಕ್ಕೆ ಹೊಸ ಕಾಗದ ತೆಗೆದುಕೊಂಡು ಊರುಗಳನ್ನು ಈ ಸಲ ತಿರುವುಮುರುವು ಬರೆಯಿರಿ. ಇಳಿಯುವಾಗ ತೀರ್ಮಾನದ ಜಾಗ ಗುಂಡ್ಯ ಅಲ್ಲ, ಸಕಲೇಶಪುರ.